ನಾಸ್ತಿಕರ ಟೀಕೆ ಮೂಲಭೂತವಾದಿ ಕ್ರೈಸ್ತರತ್ತಲೇ ಏಕೆ?

ಪ್ರಶ್ನೆ: ಭೂಮಿಯ ವಯಸ್ಸು ಕೆಲವೇ ಸಾವಿರ ವರ್ಷಗಳೆಂದು ನಂಬುವ ಅಮೆರಿಕದ ಕ್ರೈಸ್ತರನ್ನೇ ನಾಸ್ತಿಕ ಲೇಖಕರು ಹೆಚ್ಚಾಗಿ ಎದುರಿಗಿಟ್ಟುಕೊಳ್ಳುತ್ತಾರೆ. ಜೀವವಿಕಾಸವು ಬರಿಯ ಊಹೆಗಿಂತ ಮಿಗಿಲಾದುದೆಂದು ಪೋಪ್ ಎರಡನೇ ಜಾನ್ ಪಾಲ್ 1996ರಲ್ಲಿಯೇ ಒಪ್ಪಿದ್ದರು. ಅಂತಹ ನಿಲುವಿನ ವಿಶ್ವಾಸಿಗಳನ್ನು ಬಿಟ್ಟು ದುರ್ಬಲ ಎದುರಾಳಿಯನ್ನು ಆರಿಸಿಕೊಳ್ಳುವುದು ನ್ಯಾಯವೇ?

ಉತ್ತರ 1: ವಾದದಲ್ಲಿ ದುರ್ಬಲರಾದವರು ಅಧಿಕಾರದಲ್ಲಿಯೂ ದುರ್ಬಲರಾಗಿರಬೇಕೆಂದಿಲ್ಲ. ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ ಡೋವರ್ ಶಾಲಾ ಮಂಡಳಿಯು 2004ರಲ್ಲಿ, ಡಾರ್ವಿನ್ನನ ಸಿದ್ಧಾಂತದಲ್ಲಿ ಲೋಪಗಳಿವೆಯೆಂದೂ ‘ಬುದ್ಧಿಪೂರ್ವಕ ವಿನ್ಯಾಸ’ (ಜೀವಿಗಳನ್ನು ಬುದ್ಧಿಶಾಲಿ ಕರ್ತೃವೊಬ್ಬ ರೂಪಿಸಿದನೆಂಬ ವಾದ) ಎಂಬ ಬೇರೊಂದು ವಿವರಣೆಯಿದೆಯೆಂದೂ ಸಾರುವ ಹೇಳಿಕೆಯನ್ನು ಒಂಬತ್ತನೇ ತರಗತಿಯ ಜೀವಶಾಸ್ತ್ರದ ಮಕ್ಕಳಿಗೆ ಓದಿ ಹೇಳಬೇಕೆಂದು ನಿರ್ಧರಿಸಿತು. ಪೋಷಕರು ಮೊಕದ್ದಮೆ ಹೂಡಿದ ಮೇಲೆ, 2005ರ ಡಿಸೆಂಬರ್‌ನಲ್ಲಿ ನ್ಯಾಯಾಲಯವು ಅದನ್ನು ಸಂವಿಧಾನಬಾಹಿರವೆಂದಿತು. ಪಠ್ಯಕ್ಕೆ ಕೈಹಾಕುವವರನ್ನು ಮೊದಲು ಪ್ರಶ್ನಿಸುವುದು ಆಯ್ಕೆಯಲ್ಲ, ಅನಿವಾರ್ಯ.

ಉತ್ತರ 2: ಒಪ್ಪುತ್ತೇನೆ. ಆದರೆ ಅದೇ ಮೊಕದ್ದಮೆಯಲ್ಲಿ ಪೋಷಕರ ಪರವಾಗಿ ಸಾಕ್ಷಿ ನುಡಿದ ಜೀವವಿಜ್ಞಾನಿ ಕೆನೆತ್ ಮಿಲ್ಲರ್ ಮತ್ತು ದೇವತಾಶಾಸ್ತ್ರಜ್ಞ ಜಾನ್ ಹಾಟ್ ಇಬ್ಬರೂ ಕ್ಯಾಥೊಲಿಕರು. ಇವರನ್ನು ಮರೆತರೆ, ವಿಶ್ವಾಸಿಗಳ ನಡುವೆಯೇ ನಡೆದಿರುವ ಜಗಳವು ಧರ್ಮಕ್ಕೂ ವಿಜ್ಞಾನಕ್ಕೂ ನಡೆದ ಯುದ್ಧದಂತೆ ಕಾಣತೊಡಗುತ್ತದೆ.

ಉತ್ತರ 3: ಶ್ರದ್ಧೆಯನ್ನು ಟೀಕೆಗೆ ಅತೀತವಾಗಿಸುವ ಮೂಲಕ ಸೌಮ್ಯವಾದಿ ವಿಶ್ವಾಸಿಗಳೇ ಮೂಲಭೂತವಾದಕ್ಕೆ ಆಶ್ರಯ ನೀಡುತ್ತಾರೆಂದು ಅಮೆರಿಕದ ನಾಸ್ತಿಕ ಲೇಖಕ ಸ್ಯಾಮ್ ಹ್ಯಾರಿಸ್ 2004ರಲ್ಲಿ ವಾದಿಸಿದರು. ಡೋವರ್‌ನ ಸಾಕ್ಷಿಗಳನ್ನು ನೋಡಿದರೆ ಈ ಮಾತು ಪೂರ್ತಿ ನಿಲ್ಲುವುದಿಲ್ಲ. ಆದರೂ ಯೇಸುವಿನ ಪುನರುತ್ಥಾನವನ್ನು ನಿಜವಾಗಿ ನಡೆದ ಘಟನೆಯೆಂದೇ ನಂಬುವ ಸೌಮ್ಯರು ಅನೇಕರಿದ್ದಾರೆ. ಅದಕ್ಕೆ ಪುರಾವೆಯೇನೆಂದು ಅವರನ್ನೂ ಗೌರವದಿಂದಲೇ ಕೇಳಬೇಕು, ಮತ್ತು ನಾಸ್ತಿಕರು ಈ ಕಷ್ಟದ ಸಂವಾದಕ್ಕೆ ಇನ್ನಷ್ಟು ಪುಟಗಳನ್ನು ಮೀಸಲಿಡಬೇಕು.