12 ಲಕ್ಷದ ಸ್ಪೋರ್ಟ್ಸ್ ಬೈಕ್, ಎರಡೇ ಮಳೆಗಾಲಕ್ಕೆ ಚಾರ್ಜಿಂಗ್ ಹೋಯ್ತು, ಬೋಲ್ಟೆಲ್ಲ ತುಕ್ಕು: ಎಲ್ಲಿಂದ ನೋಡುವುದು?

ಕುಂಬಳೆ_ಸವಾರ

ನಾಲ್ಕು ಸಿಲಿಂಡರಿನ, ಪೂರ್ತಿ ಫೇರಿಂಗ್ (ಮೈ ಮುಚ್ಚುವ ಪ್ಲಾಸ್ಟಿಕ್ ಕವಚ) ಇರುವ ಬೈಕ್. ಆನ್ ರೋಡ್ 12 ಲಕ್ಷ. 20 ತಿಂಗಳಾಯ್ತು, 14,600 ಕಿ.ಮೀ. ಓಡಿದೆ. ವಾರಂಟಿಗೆ ಇನ್ನು ನಾಲ್ಕು ತಿಂಗಳು ಉಂಟು. ಓಡಾಟ ಹೆಚ್ಚಾಗಿ ಕುಂಬಳೆಯಿಂದ ಮಂಗಳೂರಿಗೆ, ಆಗಾಗ ಬದಿಯಡ್ಕ, ಮುಳ್ಳೇರಿಯ ಕಡೆಗೆ. ನಿಲ್ಲಿಸುವ ಜಾಗ ಕಡಲಿಂದ ಒಂದು ಕಿ.ಮೀ. ಒಳಗೆ.

ತೊಂದರೆ ಹೀಗೆ: ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಬ್ಯಾಟರಿಯಲ್ಲಿ 13.9 ವೋಲ್ಟ್ ತೋರಿಸ್ತದೆ. ಅರ್ಧ ಗಂಟೆ ಓಡಿಸಿ ಬಿಸಿಯಾದ ಮೇಲೆ 5,000 ಆರ್‌ಪಿಎಂನಲ್ಲೂ 12.4 ದಾಟುವುದಿಲ್ಲ. ಬ್ಯಾಟರಿ ಒಮ್ಮೆ ಬದಲಾಯಿಸಿ ಆಯ್ತು, ಹೊಸದೂ ಎರಡು ತಿಂಗಳಲ್ಲಿ ಸೊರಗಿತು. ಫೇರಿಂಗ್ ಬೋಲ್ಟುಗಳ ತಲೆ ಕೆಂಪಾಗಿದೆ, ಹಿಂದಿನ ಸಬ್‌ಫ್ರೇಮಿನ (ಸೀಟು ಹೊರುವ ಚೌಕಟ್ಟು) ಬೆಸುಗೆ ಇರುವಲ್ಲಿ ಪೇಂಟ್ ಏಳುತ್ತಾ ಉಂಟು. ಮಳೆ ಬಂದ ಮರುದಿನ ಇಂಜಿನ್ ತಡವರಿಸ್ತದೆ. ಸರ್ವಿಸಿನವರು "ಇದು ನಿಮ್ಮ ಊರಿನ ಹವೆ, ವಾರಂಟಿಯಲ್ಲಿ ಬರುವುದಿಲ್ಲ" ಅಂತ ಬಾಯಿಮಾತಲ್ಲೇ ಮುಗಿಸಿದ್ದಾರೆ. ಮೂರನೇ ಬ್ಯಾಟರಿ ತರುವ ಮೊದಲು ಏನನ್ನು ಪರೀಕ್ಷಿಸಬೇಕು?

ಪಯಸ್ವಿನಿ_ದಡ

ಬ್ಯಾಟರಿ ತರಬೇಡಿ. ತಣ್ಣಗಿದ್ದಾಗ ಸರಿ, ಬಿಸಿಯಾದಾಗ ಬೀಳ್ತದೆ ಅಂದರೆ ದೋಷ ಇರುವುದು ಚಾರ್ಜಿಂಗ್ ಸರಣಿಯಲ್ಲಿ. ಮುಖ್ಯವಾಗಿ ನೋಡಬೇಕಾದದ್ದು ಮೂರು ಜಾಗ: ಸ್ಟೇಟರ್ (ಇಂಜಿನ್ ತಿರುಗುವಾಗ ಎಸಿ ಕರೆಂಟ್ ಹುಟ್ಟಿಸುವ ತಂತಿಸುತ್ತು), ರೆಗ್ಯುಲೇಟರ್-ರೆಕ್ಟಿಫೈಯರ್ (ಅದನ್ನು ಡಿಸಿ ಮಾಡಿ ವೋಲ್ಟ್ ಹಿಡಿತದಲ್ಲಿಡುವುದು), ಅವೆರಡರ ನಡುವಿನ ಕನೆಕ್ಟರ್, ಅಂದರೆ ವಯರ್ ಸೇರಿಸುವ ಪ್ಲಗ್. ನೂರೈವತ್ತು ರೂಪಾಯಿಯ ಆ ಕನೆಕ್ಟರನ್ನು ಮೊದಲು ನೋಡಿ. ಎಲ್ಲರೂ ಕೊನೆಗೆ ನೋಡುವುದು ಅದನ್ನೇ.

ಸ್ಟೇಟರಿನಿಂದ ಒಂದೇ ಬಣ್ಣದ ಮೂರು ದಪ್ಪ ವಯರ್ ಬರ್ತವೆ, ಸಾಮಾನ್ಯವಾಗಿ ಹಳದಿ ಅಥವಾ ಬಿಳಿ. ಅವು ರೆಗ್ಯುಲೇಟರಿಗೆ ಸೇರುವ ಪ್ಲಗ್ ಬಿಚ್ಚಿ. ಮಲ್ಟಿಮೀಟರನ್ನು ಓಮ್‌ಗೆ ಇಟ್ಟು, ಮೊದಲು ಮೀಟರಿನ ಎರಡು ಕಡ್ಡಿಗಳನ್ನೇ ಒಂದಕ್ಕೊಂದು ಮುಟ್ಟಿಸಿ. ಅಲ್ಲೇ 0.2 ಓಮ್ ತೋರಿಸಬಹುದು, ಅದನ್ನು ಕಳೆಯಬೇಕು. ಆಮೇಲೆ ಸ್ಟೇಟರ್ ಕಡೆಯ ವಯರುಗಳನ್ನು ಎರಡೆರಡಾಗಿ ಅಳೆಯಿರಿ. ಮೂರು ಜೋಡಿಯೂ ಸಮ ಬರಬೇಕು, ಒಂದು ಓಮಿಗಿಂತ ಸಾಕಷ್ಟು ಕಡಿಮೆ ಇರಬೇಕು. ಯಾವ ವಯರಿನಿಂದಲೂ ಇಂಜಿನಿನ ಮೈಗೆ ಸಂಪರ್ಕ ಇರಕೂಡದು. ಇದ್ದರೆ ಸುತ್ತು ಸುಟ್ಟಿದೆ, ಮುಂದಿನ ಪರೀಕ್ಷೆ ಬೇಡ.

ಇದು ಸರಿ ಇದ್ದರೆ ಮೀಟರನ್ನು ಎಸಿ ವೋಲ್ಟಿಗೆ ಹಾಕಿ, ಪ್ಲಗ್ ಬಿಚ್ಚಿಯೇ ಇಂಜಿನ್ ಚಾಲೂ ಮಾಡಿ 5,000ದಲ್ಲಿ ಎರಡೆರಡು ವಯರ್ ಅಳೆಯಿರಿ. ದೊಡ್ಡ ಬೈಕುಗಳಲ್ಲಿ 50ರಿಂದ 70 ವೋಲ್ಟ್ ಸಾಮಾನ್ಯ. ನಿಖರ ಅಂಕಿ ನಿಮ್ಮ ಮಾಡೆಲಿನ ಸರ್ವಿಸ್ ಮ್ಯಾನುವಲಿನಲ್ಲಿ ಇರ್ತದೆ. ಅಂಕಿಗಿಂತ ಮುಖ್ಯ ಮೂರೂ ಸಮ ಇರುವುದು. ವಯರನ್ನು ಬರಿಗೈಯಲ್ಲಿ ಮುಟ್ಟಬೇಡಿ. ಈ ಪರೀಕ್ಷೆಯನ್ನು ಬಿಸಿ ಇಂಜಿನಿನಲ್ಲೇ ಮಾಡಬೇಕು, ತಣ್ಣಗಿದ್ದರೆ ಬೈಕಿನ ದೋಷ ಅಡಗಿಕೊಳ್ತದೆ.

ಆಮೇಲೆ ಪ್ಲಗ್ ಸೇರಿಸಿ, ಇಂಜಿನ್ ಓಡುತ್ತಿರುವಾಗ ಡಿಸಿ ವೋಲ್ಟಿನಲ್ಲಿ ಒಂದು ಕಡ್ಡಿ ರೆಗ್ಯುಲೇಟರಿನ ಪ್ಲಸ್‌ಗೆ, ಇನ್ನೊಂದು ಬ್ಯಾಟರಿಯ ಪ್ಲಸ್‌ಗೆ ಇಡಿ. 0.2 ವೋಲ್ಟಿಗಿಂತ ಹೆಚ್ಚು ಬಂದರೆ ಆ ದಾರಿಯಲ್ಲಿ ತಡೆ ಉಂಟು. ಮೈನಸ್ ಕಡೆಗೂ ಹಾಗೆಯೇ.

ಪ್ಲಗ್ ಯಾಕೆ ಸುಡ್ತದೆ ಅಂತ ಲೆಕ್ಕ ಹಾಕಿ. ಉಪ್ಪುಗಾಳಿಗೆ ಪಿನ್ನಿನ ಮೇಲೆ ಹಸಿರು ಪೊರೆ ಕಟ್ಟಿ 0.1 ಓಮ್ ತಡೆ ಬಂತು ಅಂತಿಟ್ಟುಕೊಳ್ಳಿ. 20 ಆಂಪಿಯರ್ ಹರಿದರೆ 40 ವ್ಯಾಟ್ ಬಿಸಿ. ಮೊಬೈಲ್ ರಿಪೇರಿಯವರ ಬೆಸುಗೆ ಕಡ್ಡಿಯಷ್ಟು ಬಿಸಿ, ಹೆಬ್ಬೆರಳಿನಷ್ಟು ಪ್ಲಾಸ್ಟಿಕ್ಕಿನೊಳಗೆ. ಅದರ ಮೇಲೆ, ಶಂಟ್ ಬಗೆಯ ರೆಗ್ಯುಲೇಟರ್ ಇದ್ದರೆ ಹೆಚ್ಚಾದ ಕರೆಂಟನ್ನು ಸ್ಟೇಟರಿಗೇ ಶಾರ್ಟ್ ಮಾಡಿ ತಿರುಗಿಸ್ತದೆ. ಲೈಟ್ ಉರಿಯಲಿ, ಆರಲಿ, ಆ ಪಿನ್ನಿಗೆ ಬಿಡುವಿಲ್ಲ. ಸೀರೀಸ್ ಬಗೆಯದ್ದು ಬೇಡದ ಕರೆಂಟನ್ನು ತಡೆದು ನಿಲ್ಲಿಸ್ತದೆ, ಸ್ಟೇಟರ್ ತಂಪಾಗಿರ್ತದೆ. ವಾರಂಟಿ ಮುಗಿದ ಮೇಲೆ ಮಾಡಬೇಕಾದ ಮೊದಲ ಬದಲಾವಣೆ ಅದೇ. ಈಗ ಒಂದು ವಯರನ್ನೂ ಕತ್ತರಿಸಬೇಡಿ.

ಮುರಕಲ್ಲು_1000

ಮಳೆ ಮರುದಿನ ತಡವರಿಸುವುದಕ್ಕೂ ಚಾರ್ಜಿಂಗಿಗೂ ಗಂಟು ಹಾಕಬೇಡಿ. ಪೆಟ್ರೋಲ್ ಟ್ಯಾಂಕಿನ ಮುಚ್ಚಳ ತೆಗೆದು ಅದರ ಸುತ್ತಲಿನ ತಗ್ಗು ನೋಡಿ. ಅಲ್ಲಿ ಬೆಂಕಿಕಡ್ಡಿ ಹೋಗುವಷ್ಟು ಸಣ್ಣ ತೂತು ಇರ್ತದೆ, ನಿಂತ ನೀರು ಅದರಿಂದ ಇಳಿದು ರಬ್ಬರ್ ಕೊಳವೆ ಮೂಲಕ ಬೈಕಿನ ಅಡಿಗೆ ಹೋಗಬೇಕು. ನಮ್ಮ ಮುರಕಲ್ಲಿನ ಕೆಂಪು ಧೂಳು ಅಲ್ಲಿ ಒದ್ದೆಯಾಗಿ ಒಣಗಿ ಗಾರೆಯ ಹಾಗೆ ಗಟ್ಟಿ ಕೂತುಬಿಡ್ತದೆ. ನೀರಿಗೆ ದಾರಿ ಇಲ್ಲದೆ ಮುಚ್ಚಳದ ರಬ್ಬರ್ ದಾಟಿ ಟ್ಯಾಂಕಿಗೇ ಇಳೀತದೆ. ಈಗಿನ ಎಥನಾಲ್ ಬೆರೆಸಿದ ಪೆಟ್ರೋಲ್ ಸ್ವಲ್ಪ ನೀರನ್ನು ಹೀರಿಕೊಳ್ತದೆ, ಮಿತಿ ದಾಟಿದರೆ ನೀರೂ ಎಥನಾಲೂ ಒಟ್ಟಿಗೆ ಬೇರ್ಪಟ್ಟು ತಳಕ್ಕೆ ಬೀಳ್ತದೆ. ಫ್ಯೂಯಲ್ ಪಂಪ್ ಹೀರುವುದೂ ತಳದಿಂದಲೇ. ತೂತಿಗೆ ಸಿರಿಂಜಿನಲ್ಲಿ 10 ಮಿ.ಲೀ. ನೀರು ಬಿಡಿ, ಕೂಡಲೇ ಕೆಳಗೆ ತೊಟ್ಟಿಕ್ಕಬೇಕು. ತೊಟ್ಟಿಕ್ಕದಿದ್ದರೆ ಕೊಳವೆ ಕಳಚಿ, ನೈಲಾನ್ ಮೀನುದಾರ ತೂರಿಸಿ. ತಂತಿ ಹಾಕಬೇಡಿ, ಕೊಳವೆ ಹರಿದರೆ ನೀರು ನೇರ ಏರ್‌ಬಾಕ್ಸಿನ (ಇಂಜಿನಿಗೆ ಗಾಳಿ ಹೋಗುವ ಪೆಟ್ಟಿಗೆ) ಮೇಲೆ.

ಬೋಲ್ಟಿನ ವಿಷಯ. ಬರುವುದು ತೆಳು ಸತುವಿನ ಲೇಪ, ಒಮ್ಮೆ ಅಲನ್ ಕೀ ತಿರುಗಿಸಿದರೆ ತಲೆಯ ಒಳಗಿನ ಲೇಪ ಹೋಯ್ತು. ಫೇರಿಂಗಿಗೆ ಎ4 ದರ್ಜೆಯ ಸ್ಟೇನ್‌ಲೆಸ್ ಹಾಕಿ, ಕಡಲ ಬದಿಗೆ ಎ2 ಸಾಲದು. ಆದರೆ ಅಲ್ಯೂಮಿನಿಯಂ ಒಳಗೆ ಸ್ಟೇನ್‌ಲೆಸ್ ಒಣದಾಗಿ ಕೂರಿಸಿದರೆ, ಉಪ್ಪುನೀರು ಸೇರಿದಾಗ ಸವೆಯುವುದು ಅಲ್ಯೂಮಿನಿಯಂ. ಬಿಳಿ ಪುಡಿ ಕಟ್ಟಿ ಬೋಲ್ಟ್ ಹಿಡಿದುಕೊಳ್ತದೆ. ಬೋಲ್ಟಿನ ಎಳೆಗೆ ಆ್ಯಂಟಿ-ಸೀಜ್ (ಬೋಲ್ಟ್ ಹಿಡಿದುಕೊಳ್ಳದ ಹಾಗೆ ತಡೆಯುವ ಪೇಸ್ಟ್) ಹಚ್ಚಲೇಬೇಕು. ಹಚ್ಚಿದ ಮೇಲೆ ಟಾರ್ಕ್ (ತಿರುಗಿಸಿ ಬಿಗಿಸುವ ಬಲ) ಇಳಿಸಿ: ಅಲ್ಯೂಮಿನಿಯಂ ಒಳಗಿನ ಎಂ6 ಬೋಲ್ಟಿಗೆ ಒಣದಾಗಿ 10 ನ್ಯೂಟನ್ ಮೀಟರ್ ಅಂದರೆ 8 ಸಾಕು. ಬ್ರೇಕ್ ಕ್ಯಾಲಿಪರ್, ಹ್ಯಾಂಡಲ್ ಕ್ಲ್ಯಾಂಪ್, ಇಂಜಿನ್ ಹಿಡಿದಿರುವ ಬೋಲ್ಟುಗಳಿಗೆ ಮಾತ್ರ ಸ್ಟೇನ್‌ಲೆಸ್ ಬೇಡವೇ ಬೇಡ. 10.9 ದರ್ಜೆಯ ಉಕ್ಕು ಸುಮಾರು 1,000 ಮೆಗಾಪಾಸ್ಕಲ್ ತಡೆಯುವಲ್ಲಿ 70 ದರ್ಜೆಯ ಸ್ಟೇನ್‌ಲೆಸ್ 700ಕ್ಕೆ ತುಂಡಾಗ್ತದೆ.

ಸಬ್‌ಫ್ರೇಮಿನಲ್ಲಿ ಎದ್ದ ಪೇಂಟನ್ನು ಮಾತ್ರ ನೀವು ಕೆರೆಯಬೇಡಿ, ಫೋಟೋ ತೆಗೆದಿಡಿ. ತೊಳೆಯುವುದು ಸಿಹಿನೀರಲ್ಲಿ, ಪ್ರೆಷರ್ ಇಲ್ಲದೆ. ಕಡಲ ಬದಿಯ ಕೆಲವು ಬಾವಿಗಳ ನೀರೇ ಬೇಸಿಗೆಯಲ್ಲಿ ಉಪ್ಪಾಗ್ತದೆ, ಅದರಲ್ಲಿ ತೊಳೆದರೆ ತೊಳೆಯದಿದ್ದದ್ದೇ ಲೇಸು.

ಗಡಿನಾಡ_ಗ್ರಾಹಕ

"ಊರಿನ ಹವೆ" ಅನ್ನುವ ಮಾತನ್ನು ಒಪ್ಪಬೇಡಿ. ಇಂಥ ಬೈಕುಗಳು ಮಾರಾಟವಾಗುವ ಯುರೋಪಿನಲ್ಲಿ ಚಳಿಗಾಲದಲ್ಲಿ ರಸ್ತೆಗೇ ಉಪ್ಪು ಸುರೀತಾರೆ. ಅಲ್ಲಿ ಬೇಕಾದ ಲೇಪ ಇಲ್ಲಿ ಬೇಡ ಅನ್ನಲು ಯಾವ ನ್ಯಾಯವೂ ಇಲ್ಲ. ಬೋಲ್ಟಿನ ತುಕ್ಕನ್ನು ಹಲವು ವಾರಂಟಿ ಪುಸ್ತಕಗಳು ಹೊರಗಿಡ್ತವೆ ನಿಜ, ಆ ಪುಟ ಮೊದಲು ಓದಿ. ಚಾರ್ಜಿಂಗ್ ಹೋಗುವುದು ತುಕ್ಕಿನ ತಲೆಬರಹದಡಿ ಬರುವುದಿಲ್ಲ. ಎರಡನ್ನೂ ಒಂದೇ ದೂರಿನಲ್ಲಿ ಬೆರೆಸಬೇಡಿ, ಜಾಬ್ ಕಾರ್ಡಿನಲ್ಲಿ (ಸರ್ವಿಸಿನವರು ದೂರು ಬರೆದುಕೊಳ್ಳುವ ಚೀಟಿ) ಬೇರೆ ಬೇರೆ ಸಾಲು ಬರೆಸಿ.

"ಬ್ಯಾಟರಿ ಪ್ರಾಬ್ಲಂ" ಅಂತ ಬರೆಯಲು ಬಿಡಬೇಡಿ. "ಬಿಸಿಯಾದ ಮೇಲೆ 5,000 ಆರ್‌ಪಿಎಂನಲ್ಲಿ 12.4 ವೋಲ್ಟ್" ಅಂತ ಅಂಕಿ ಸಮೇತ ಬರೆಸಿ. ಮೀಟರ್, ಟ್ಯಾಕೋಮೀಟರ್, ಓಡೋಮೀಟರ್ ಮೂರೂ ಕಾಣುವ ವಿಡಿಯೊ ಜೊತೆಗಿಡಿ. ನಿರಾಕರಿಸಿದರೆ ಕಾರಣವನ್ನು ಇಮೇಲಿನಲ್ಲಿ ಕೇಳಿ. ಬದಲಾಯಿಸಿದ ಹಳೇ ಭಾಗದ ಫೋಟೋವಾದರೂ ತೆಗೆದುಕೊಳ್ಳಿ.

ಅಲ್ಲಿಗೂ ಬಗ್ಗದಿದ್ದರೆ 1915ಕ್ಕೆ ಫೋನ್ ಮಾಡಿ, ರಾಷ್ಟ್ರೀಯ ಗ್ರಾಹಕ ಸಹಾಯವಾಣಿ, ಕನ್ನಡದಲ್ಲೂ ಮಾತಾಡ್ತಾರೆ. ಆಮೇಲೆ ಗ್ರಾಹಕ ಆಯೋಗ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ 34ನೇ ಸೆಕ್ಷನ್ ಪ್ರಕಾರ ನೀವು ವಾಸ ಇರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಶೋರೂಂ ಮಂಗಳೂರಿನಲ್ಲಿರಲಿ, ಕೊಚ್ಚಿಯಲ್ಲಿರಲಿ, ಕಾಸರಗೋಡಿನ ಜಿಲ್ಲಾ ಆಯೋಗವೇ ಸಾಕು. ಕೊಟ್ಟ ಬೆಲೆ 10ರಿಂದ 20 ಲಕ್ಷದೊಳಗಾದರೆ ಶುಲ್ಕ 400 ರೂಪಾಯಿ. ಅವಧಿ, ತೊಂದರೆ ಹುಟ್ಟಿದ ದಿನದಿಂದ ಎರಡು ವರ್ಷ.

ಕುಂಬಳೆ_ಸವಾರ

ಬಿಸಿ ಇಂಜಿನಿನಲ್ಲಿ ಅಳತೆ: ಎಸಿ 62, 63, 62. ಓಮ್ ಮೂರೂ 0.3. ಇಂಜಿನಿನ ಮೈಗೆ ಸಂಪರ್ಕ ಇಲ್ಲ. ಪ್ಲಸ್ ದಾರಿಯಲ್ಲಿ 0.1, ಮೈನಸ್ಸಿನಲ್ಲೂ 0.1. ಮೂರು ವಯರಿನ ಪ್ಲಗ್ಗಿನಲ್ಲಿ ನಡುವಿನ ಪಿನ್ ಕಂದು, ಸುತ್ತಲಿನ ಬಿಳಿ ಪ್ಲಾಸ್ಟಿಕ್ ಹಪ್ಪಳದ ಹಾಗೆ ಉಬ್ಬಿದೆ. ಟ್ಯಾಂಕಿನ ತೂತಿಗೆ ಬಿಟ್ಟ ನೀರು ಮೇಲೆಯೇ ನಿಂತಿತು.

ಪಯಸ್ವಿನಿ_ದಡ

ಸ್ಟೇಟರ್ ಗಟ್ಟಿ ಉಂಟು. ಪಿನ್ ಬಿಸಿಯಾದ ಹಾಗೆ ತಡೆ ಏರ್ತದೆ, ಮೂರು ವಯರುಗಳಲ್ಲಿ ಒಂದರ ಕರೆಂಟ್ ಬಿದ್ದುಹೋಗ್ತದೆ, 12.4 ಬರುವುದು ಅದಕ್ಕೇ.

ವಾರಂಟಿಯಲ್ಲಿ ಕೇಳುವಾಗ ಒಂದು ಹಟ ಹಿಡಿಯಿರಿ: ಪ್ಲಗ್ಗಿನ ಎರಡೂ ಅರ್ಧ ಬದಲಾಗಬೇಕು. ಒಮ್ಮೆ ಬೆಂದ ಹೆಣ್ಣು ಪಿನ್ನಿನ ಸ್ಪ್ರಿಂಗ್ ಹಿಡಿತ ಕಳಕೊಂಡಿರ್ತದೆ. ಒಂದೇ ಕಡೆ ಹೊಸದು ಹಾಕಿದರೆ ಮುಂದಿನ ಮಳೆಗಾಲಕ್ಕೆ ಮತ್ತೆ ಸುಡ್ತದೆ. ಒಂದು ಅರ್ಧ ರೆಗ್ಯುಲೇಟರಿನ ಮೈಗೇ ಅಂಟಿಕೊಂಡಿದ್ದರೆ ರೆಗ್ಯುಲೇಟರೂ ಬದಲಾಗಬೇಕು. ವಯರಿನ ತುದಿ ಕಪ್ಪಾಗಿದ್ದರೆ ಹೊಳೆಯುವ ತಾಮ್ರ ಸಿಗುವವರೆಗೆ ಹಿಂದಕ್ಕೆ ಕತ್ತರಿಸಿ ಕ್ರಿಂಪ್ ಮಾಡಿಸಿ (ಪಿನ್ನನ್ನು ವಯರಿನ ಮೇಲೆ ಒತ್ತಿ ಹಿಡಿಸುವುದು). ಬರೀ ಬೆಸುಗೆ ಬೇಡ, ಅದುರಿಗೆ ಬೆಸುಗೆಯ ಅಂಚಲ್ಲೇ ವಯರ್ ಮುರೀತದೆ. ಸೇರಿಸುವ ಮೊದಲು ತೇವ ತಡೆಯುವ ಡೈಎಲೆಕ್ಟ್ರಿಕ್ ಗ್ರೀಸ್ ಹಚ್ಚಿಸಿ.

ಬ್ಯಾಟರಿಯನ್ನು ಹೊರಗಿನ ಚಾರ್ಜರಿನಲ್ಲಿ 1 ಆಂಪಿಯರ್ ಆಸುಪಾಸಿನಲ್ಲಿ ರಾತ್ರಿಯಿಡೀ ಇಟ್ಟು, ಬಿಚ್ಚಿ 12 ಗಂಟೆ ಬಿಟ್ಟು ನೋಡಿ. 12.6ಕ್ಕಿಂತ ಮೇಲೆ ನಿಂತರೆ ಉಳಿದಿದೆ. ರಿಪೇರಿ ಆದ ಮೇಲೆ ಶೋರೂಂನಲ್ಲಿ ತಣ್ಣಗಿರುವಾಗ ತೋರಿಸುವ 14 ವೋಲ್ಟಿಗೆ ಸಹಿ ಹಾಕಬೇಡಿ. ಅರ್ಧ ಗಂಟೆ ಓಡಿಸಿ ಬಂದು, 5,000ದಲ್ಲಿ 14ರ ಮೇಲೆ ನಿಲ್ತದಾ ನೋಡಿ, ಇಂಜಿನ್ ಆಫ್ ಮಾಡಿದ ಕೂಡಲೇ ಪ್ಲಗ್ಗಿನ ಮೇಲೆ ಬೆರಳಿಡಿ. ಬೆರಳು ಅಲ್ಲೇ ಇಟ್ಟುಕೊಳ್ಳಲು ಆದರೆ ಮಾತ್ರ ಜಾಬ್ ಕಾರ್ಡ್ ಮುಚ್ಚಿಸಿ.