ಲಂಡನ್ನಿನ ಪೂಜೆಯ ಬಗ್ಗೆ ಮನೆಯ ಗುಂಪಿನಲ್ಲಿ ನಡೆದ ಚರ್ಚೆ

ದೊಡ್ಡಪ್ಪ (ಫಾರ್ವರ್ಡ್): "ಪಾಶ್ಚಾತ್ಯರು ಬುದ್ಧನ ಮಾರ್ಗದಿಂದ ಗಂಟೆ, ಧೂಪ, ನಮಸ್ಕಾರಗಳನ್ನೆಲ್ಲ ತೆಗೆದುಹಾಕಿ ಧ್ಯಾನವನ್ನು ಮಾತ್ರ ಉಳಿಸಿಕೊಂಡಿದ್ದಾರೆ."
ಆಚಾರ ಬಿಟ್ಟ ಧರ್ಮ ಎಷ್ಟು ಕಾಲ ಬಾಳುತ್ತದೆ ಎಂಬುದನ್ನು ಮಕ್ಕಳೆಲ್ಲ ಯೋಚಿಸಬೇಕು.

ಮೈಸೂರಿನ ಅಣ್ಣ: ದೊಡ್ಡಪ್ಪ, ಇದನ್ನು ಬರೆದವರು ಯಾರು? 1979ರಲ್ಲಿ ಮ್ಯಾಸಚೂಸೆಟ್ಸ್‌ನಲ್ಲಿ ಜಾನ್ ಕಬಟ್-ಜಿನ್ ಬೌದ್ಧ ಧ್ಯಾನವನ್ನು ಆಧರಿಸಿ ರೋಗಿಗಳಿಗಾಗಿ ಆರಂಭಿಸಿದ ಒತ್ತಡ ನಿವಾರಣೆಯ ತರಬೇತಿಗೆ ಈ ಮಾತು ಸಲ್ಲಬಹುದು. ಅದನ್ನು ಎಲ್ಲ ಪಾಶ್ಚಾತ್ಯ ಬೌದ್ಧರಿಗೂ ಅನ್ವಯಿಸಲು ಆಧಾರವೇನು?

ಲಂಡನ್ ಅಕ್ಕ: ಇದು ನಿಜವಲ್ಲ. ಬೆತ್ನಲ್ ಗ್ರೀನ್‌ನ ಹಳೆಯ ಅಗ್ನಿಶಾಮಕ ಠಾಣೆಯಲ್ಲಿ 1978ರಿಂದ ನಡೆಯುತ್ತಿರುವ ಬೌದ್ಧ ಕೇಂದ್ರಕ್ಕೆ ನಾನು ಹೋಗುತ್ತೇನೆ. ಕಾಲಿಂಪಾಂಗ್‌ನಲ್ಲಿ ಹಲವು ವರ್ಷ ಇದ್ದ ಇಂಗ್ಲಿಷ್ ಭಿಕ್ಷು ಸಂಘರಕ್ಷಿತ 1967ರಲ್ಲಿ ಕಟ್ಟಿದ ಬಳಗ ಅದು. ಪ್ರಾಚೀನ ಭಾರತದ ಬೌದ್ಧ ಗುರು ಶಾಂತಿದೇವನ ಬೋಧಿಚರ್ಯಾವತಾರ ಎಂಬ ಕಾವ್ಯವನ್ನು ಆಧರಿಸಿದ ಏಳು ಅಂಗಗಳ ಪೂಜೆ ಅಲ್ಲಿ ನಡೆಯುತ್ತದೆ. ದೀಪ, ಧೂಪ, ಪಾಪನಿವೇದನೆ ಎಲ್ಲವೂ ಇವೆ. ದೀಕ್ಷೆ ಪಡೆದವರು ಒಬ್ಬ ಬುದ್ಧನನ್ನೋ, ಎಲ್ಲರ ಬಿಡುಗಡೆಗೆ ಪಣ ತೊಟ್ಟ ಬೋಧಿಸತ್ವನನ್ನೋ ಧ್ಯಾನದಲ್ಲಿ ಕಲ್ಪಿಸಿಕೊಳ್ಳುತ್ತಾರೆ. ಕರುಣೆಯ ಮೂರ್ತಿಯೆನ್ನುವ ಹಸಿರು ತಾರೆಯಾದರೆ, ಬರಿಯ ನೀಲಿ ಆಕಾಶದಲ್ಲಿ, ಇಳಿದು ಬರಲು ಬಲಗಾಲನ್ನು ಮುಂದೆ ಚಾಚಿ ಕುಳಿತ ರೂಪವಾಗಿ ಅವಳು ಮೂಡುತ್ತಾಳೆ, ಕೊನೆಗೆ ಅದೇ ಆಕಾಶದಲ್ಲಿ ಕರಗುತ್ತಾಳೆ.

ದೊಡ್ಡಪ್ಪ: ತಾತನ ತಿಥಿಯ ದಿನ ಅರ್ಧಕ್ಕೇ ಎದ್ದು ಹೋದವಳು ನೀನು. ಈಗ ಅಲ್ಲಿ ಹೂವಿಟ್ಟು ಕೈಮುಗಿಯುತ್ತೀಯಾ? ತಾರೆ ಇದ್ದಾಳೆಂಬ ನಂಬಿಕೆಯಾದರೂ ಉಂಟೆ? ಇಲ್ಲವಾದರೆ ಅದು ನಟನೆ.

ಲಂಡನ್ ಅಕ್ಕ: ಎಲ್ಲೋ ಒಂದು ಲೋಕದಲ್ಲಿ ಅವಳು ವಾಸವಾಗಿದ್ದಾಳೆಂದು ನಾನು ನಂಬುವುದಿಲ್ಲ. ಆದರೆ ಕರುಣೆ ಒಳ್ಳೆಯದು ಎಂದು ಬುದ್ಧಿ ಒಪ್ಪಿದ ಮಾತ್ರಕ್ಕೆ ನನ್ನ ಸಿಟ್ಟು ಇಳಿದಿಲ್ಲ. ಮನಸ್ಸು ರೂಪ, ಬಣ್ಣ, ದನಿಗಳಿಗೆ ಓಗೊಡುತ್ತದೆ. ತಲೆ ಬಾಗಿಸುವಾಗ ದೇಹವೂ ಕಲಿಯುತ್ತದೆ. ಕರಗಿಸುವ ಹಂತ ಇರುವುದರಿಂದ, ಕಲ್ಪಿಸಿದ್ದನ್ನೇ ಸ್ಥಿರವಾದ ವಸ್ತುವೆಂದು ಹಿಡಿದು ಕೂರುವ ಅಪಾಯವೂ ತಪ್ಪುತ್ತದೆ. ದೇವರನ್ನು ನಂಬಲಾರದೆ ಚರ್ಚನ್ನು ಬಿಟ್ಟು ಬಂದ ನನ್ನ ಸ್ನೇಹಿತರಿಗೆ ಈ ದಾರಿ ತೆರೆದಿರುವುದು ಇದರಿಂದಲೇ.

ಚಿಕ್ಕಮ್ಮ: ನಮ್ಮ ಅಮ್ಮ ಹಾಸಿಗೆ ಹಿಡಿದ ಮೇಲೆ ಮಾನಸ ಪೂಜೆ ಮಾಡುತ್ತಿದ್ದುದು ನೆನಪಾಯಿತು. ನಡುವೆ ಕರೆದರೆ, "ಇನ್ನೂ ನೈವೇದ್ಯ ಆಗಿಲ್ಲ, ತಾಳು" ಎನ್ನುತ್ತಿದ್ದರು. ಅವರ ಎದುರಿಗೆ ಒಂದು ಹೂವೂ ಇರುತ್ತಿರಲಿಲ್ಲ. ಆಗ ಮನೆಯಲ್ಲಿ ಎಷ್ಟು ಜನ ಇದ್ದೆವು!

ಮೈಸೂರಿನ ಅಣ್ಣ: ತಾರೆ ನಮಗೂ ಹೊರಗಿನವಳಲ್ಲ. ಗದಗ ಜಿಲ್ಲೆಯ ದಂಬಳದ 1095ರ ಶಾಸನದಲ್ಲಿ ಬುದ್ಧವಿಹಾರಕ್ಕೂ ತಾರಾದೇವಿಗೂ ಬಿಟ್ಟ ದತ್ತಿಯ ಉಲ್ಲೇಖವಿದೆ. ಆದರೂ ಅಕ್ಕ, ಇದರಿಂದ ಸಿಟ್ಟು ಇಳಿಯುತ್ತದೆ ಎಂಬುದು ನಿನ್ನೊಬ್ಬಳ ಅನುಭವ, ಪುರಾವೆಯಲ್ಲ.

ದೊಡ್ಡಪ್ಪ: ನನ್ನ ಪ್ರಶ್ನೆಗೆ ಉತ್ತರ ಬರಲಿಲ್ಲ. ಇದೇ ಶ್ರದ್ಧೆ ನಮ್ಮ ಮನೆಯಲ್ಲಿ ಏಕೆ ಇರಲಿಲ್ಲ?

ಲಂಡನ್ ಅಕ್ಕ: ಅಂದು ನಾನು ಮಂತ್ರದ ಅರ್ಥ ಕೇಳಿದೆ. "ಹೆಣ್ಣುಮಕ್ಕಳಿಗೆ ಅದೆಲ್ಲ ಬೇಡ, ಒಳಗೆ ಹೋಗು" ಎಂದವರು ನೀವು. ಇಲ್ಲಿ ಗಂಡಸರು ಹೆಂಗಸರು ಒಟ್ಟಾಗಿ, ತಮಗೆ ತಿಳಿಯುವ ಇಂಗ್ಲಿಷಿನಲ್ಲಿ ಪ್ರತಿಯೊಂದು ಪದ್ಯವನ್ನೂ ಹೇಳುತ್ತಾರೆ.

ದೊಡ್ಡಪ್ಪ: ಪುರೋಹಿತರಿಗೆ ಹೊತ್ತಾಗಿತ್ತು.

ಮೈಸೂರಿನ ಅಣ್ಣ: ನಾನು ಪಕ್ಕದಲ್ಲೇ ಕುಳಿತಿದ್ದೆ, ದೊಡ್ಡಪ್ಪ. ನನಗೂ ಅರ್ಥ ಹೇಳಲಿಲ್ಲ.

ದೊಡ್ಡಪ್ಪ: ಶಾಂತಿದೇವನ ಸಂಸ್ಕೃತ ಶ್ಲೋಕಗಳು ಇದ್ದರೆ ಕಳುಹಿಸು, ಓದುತ್ತೇನೆ. ನಂಬದೆ ನಮಸ್ಕರಿಸುವುದನ್ನು ಮಾತ್ರ ನಾನು ಒಪ್ಪಿಲ್ಲ.