ದೇವಪುಷ್ಪವೂ ಅಜ್ಜಿಯ ಕುಂಡವೂ

ನಮ್ಮ ‘ಮೇಲಿನಮನೆ ಬಳಗ’ ಗುಂಪಿನಲ್ಲಿ ಭಾನುವಾರ ಬೆಳಿಗ್ಗೆ ನಡೆದದ್ದು. ಶುಭೋದಯಗಳನ್ನೂ ಕೈಮುಗಿದ ಚಿತ್ರಗಳನ್ನೂ ತೆಗೆದಿದ್ದೇನೆ, ಉಳಿದದ್ದು ಹಾಗೇ ಇದೆ.

ಪದ್ಮತ್ತೆ: (ಫಾರ್ವರ್ಡ್) 400 ವರ್ಷಕ್ಕೊಮ್ಮೆ ಹಿಮಾಲಯದಲ್ಲಿ ಅರಳುವ ದೇವಪುಷ್ಪ!! ನೋಡಿದ ನಾವೇ ಪುಣ್ಯವಂತರು. 11 ಜನಕ್ಕೆ ಕಳಿಸಿ, ಸಂಜೆಯೊಳಗೆ ಶುಭವಾರ್ತೆ.

ದೊಡ್ಡಪ್ಪ: ಭಾಗ್ಯ. ಈಗಿನ ಮಕ್ಕಳಿಗೆ ಮೊಬೈಲಲ್ಲಾದರೂ ದರ್ಶನ ಆಯ್ತಲ್ಲ.

ರಾಘು: ಅತ್ತೆ, ಇದು ಎಲ್ಲಿಂದ ಬಂತು? ಹೋದ ಸಲ ಅರಳಿದ್ದನ್ನ ಯಾರು ನೋಡಿ ಬರೆದಿಟ್ಟಿದ್ರು?

ಪದ್ಮತ್ತೆ: ನಮ್ಮ ಭಜನಾ ಮಂಡಳಿಯಲ್ಲಿ ಬಂತು. ಅವರೆಲ್ಲ ಸುಳ್ಳು ಹೇಳೋರಲ್ಲ.

ದೊಡ್ಡಪ್ಪ: ಎಲ್ಲದಕ್ಕೂ ಪುರಾವೆ ಕೇಳೋದು ಒಂದು ಚಟ. ಇವನಪ್ಪನೂ ಹೀಗೇ, ಉಪನಯನದ ಮುಹೂರ್ತಕ್ಕೂ ತಕರಾರು ತೆಗೆದಿದ್ದ.

ಗಿರೀಶ: ಹೂವು ಅಂದ್ರೆ ಅಜ್ಜಿಮನೆ ಬ್ರಹ್ಮಕಮಲ ಮಾರಾಯ್ರೆ. ರಾತ್ರಿ ಹನ್ನೊಂದಕ್ಕೆ ಎಬ್ಬಿಸಿ, ಲಾಟೀನು ಹಿಡಿದು, ಆರತಿ ಎತ್ತಿ, ಅಕ್ಕಪಕ್ಕದವರಿಗೆಲ್ಲ ಕಾಫಿ. ಬೆಳಿಗ್ಗೆ ನೋಡಿದ್ರೆ ಹಿಂಡಿದ ಪಂಚೆ ಥರ ಜೋತುಬಿದ್ದಿರ್ತಿತ್ತು.

ಸ್ಮಿತಾ: ಅತ್ತೆ, ಫೋಟೋ ದೊಡ್ಡದು ಮಾಡಿ ಎಡಗಡೆ ಮೂಲೆ ನೋಡಿ. ಅರ್ಧ ಕೆಂಪು ಶೂ ಕಾಣುತ್ತಲ್ಲ, ಅದು ನನ್ನ ಮಗನದು. ಫೋಟೋ ತೆಗೆದದ್ದು ನಾನು. ಹವಾಯಿಯ ಮೌಯಿ ದ್ವೀಪ, ಹಲೆಯಕಲಾ ಜ್ವಾಲಾಮುಖಿ. ಇದೇ ಗುಂಪಿಗೆ ಹಾಕಿದ್ದೆ. ಹೂವಿನ ಬಗ್ಗೆ ಒಬ್ಬರೂ ಕೇಳಲಿಲ್ಲ.

(ಹಿಂದೆ ಹೋಗಿ ಹುಡುಕಿದೆ. ನಿಜ. ಅದರ ಕೆಳಗೆ ದೊಡ್ಡಪ್ಪನ ಒಂದೇ ಪ್ರಶ್ನೆ: ‘ಬಾಡಿಗೆ ಕಾರಿಗೆ ಎಷ್ಟಾಯ್ತು?’)

ಸ್ಮಿತಾ: ಅಲ್ಲಿಯವರು ಆಹಿನಹಿನ ಅಂತಾರೆ. 2,100 ಮೀಟರಿನಿಂದ ಮೇಲೆ, ಬರೀ ಬೂದಿ-ಕಲ್ಲಿನ ಇಳಿಜಾರು. ಅದರಲ್ಲಿ ಬೆಳ್ಳಿ ಚೆಂಡು ಇಟ್ಟ ಹಾಗೆ ಕೂತಿರುತ್ತೆ. ಎಲೆ ತುಂಬ ಬಿಳಿ ರೋಮ, ಬಿಸಿಲಿಗೆ ಕಣ್ಣು ಕುಕ್ಕುತ್ತೆ. 20ರಿಂದ 90 ವರ್ಷ ಹಾಗೇ ಇದ್ದು, ಒಂದೇ ಸಲ ಆಳೆತ್ತರ ಹೂ ಬಿಟ್ಟು ಸತ್ತುಹೋಗುತ್ತೆ.

ಗಿರೀಶ: ನಮ್ಮ ಕತ್ತಾಳೆ ಥರ! ಬೇಲಿ ಕತ್ತಾಳೆ ಮೇಲೆ ಮುಳ್ಳಲ್ಲಿ ನಿನ್ನ ಹೆಸರು ಕೊರೆದಿದ್ದೆ ರಾಘು, ಕಾಗುಣಿತ ತಪ್ಪಿ.

ದೊಡ್ಡಪ್ಪ: ಇದ್ದದ್ದೆಲ್ಲ ಒಂದೇ ಸಲ ಕೊಟ್ಟು ಹೋಗೋದು. ತ್ಯಾಗ! ಹಿಮಾಲಯವಾದರೇನು, ಹವಾಯಿಯಾದರೇನು.

ರಾಘು: ತ್ಯಾಗ ಎಲ್ಲಿ ಬಂತು ದೊಡ್ಡಪ್ಪ? ಈಗಷ್ಟೇ ಓದಿದೆ. ಪ್ರವಾಸಿಗರು ಬೇರು ಸಮೇತ ಕಿತ್ತು ನೆನಪಿಗೆ ಅಂತ ಒಯ್ತಿದ್ರಂತೆ, ಮೋಜಿಗೆ ಗುಡ್ಡದಿಂದ ಉರುಳಿಸ್ತಿದ್ರಂತೆ. ಮಿಕ್ಕಿದ್ದು ಆಡು, ದನದ ಪಾಲು. 1920ರ ದಶಕಕ್ಕೆ ಹೆಚ್ಚುಕಮ್ಮಿ ಮುಗಿದೇಹೋಗಿತ್ತು. ಕಾಯೋರು ಬಂದು, ಬೇಲಿ ಬಿದ್ದ ಮೇಲೆ ಚೇತರಿಸಿತು. ಹವಾಯಿಯದೇ ಇನ್ನೊಂದು ಜ್ವಾಲಾಮುಖಿ ಮೌನಾ ಕೇಯಾದಲ್ಲಿರೋ ಇದರ ದಾಯಾದಿಗೆ ಆ ಅದೃಷ್ಟವೂ ಇಲ್ಲ, 1986ರಿಂದ ಅಳಿವಿನಂಚಿನ ಪಟ್ಟಿಯಲ್ಲಿದೆ.

ಸುಧಾ ಚಿಕ್ಕಮ್ಮ: ಬೇರು ಸಮೇತ ಒಯ್ಯೋರನ್ನ ನೋಡೋಕೆ ಹವಾಯಿಗೆ ಯಾಕೆ ಹೋಗ್ಬೇಕು? ನಮ್ಮತ್ತೆಯ ಬ್ರಹ್ಮಕಮಲದ ಕುಂಡ ಈಗ ಎಲ್ಲಿದೆ ಅಂತ ಯಾರಾದ್ರೂ ಕೇಳಿದೀರಾ?

(ಐದು ನಿಮಿಷ ಸದ್ದಿಲ್ಲ. ‘ಪದ್ಮತ್ತೆ ಟೈಪಿಂಗ್’ ಬಂತು, ಹೋಯ್ತು, ಮತ್ತೆ ಬಂತು.)

ಪದ್ಮತ್ತೆ: ಅಮ್ಮ ಕೊಟ್ಟದ್ದು. ಕದ್ದು ಒಯ್ದಿಲ್ಲ. ವೈಕುಂಠ ಸಮಾರಾಧನೆ ದಿನ ಎಲ್ಲರೆದುರೇ ಕಾರಿನಲ್ಲಿಟ್ಟೆ.

ಸುಧಾ ಚಿಕ್ಕಮ್ಮ: ವೈಕುಂಠದ ದಿನ ಅತ್ತೆ ಎಲ್ಲಿಂದ ಬಂದು ಕೊಟ್ಟರು ಅತ್ತಿಗೆ?

ರಾಘು: ಅಂದಹಾಗೆ ಅದು ಬ್ರಹ್ಮಕಮಲವೇ ಅಲ್ಲ. ಮೆಕ್ಸಿಕೋ ಕಡೆಯ ಕಳ್ಳಿ. ಹಿಮಾಲಯದ ನಿಜವಾದ ಬ್ರಹ್ಮಕಮಲ ಸೂರ್ಯಕಾಂತಿ ಕುಟುಂಬದ್ದು, ಸ್ಮಿತಾಳ ಗಿಡವೂ ಅದೇ ಕುಟುಂಬ.

ದೊಡ್ಡಪ್ಪ: ಅಮ್ಮ ಅಷ್ಟು ವರ್ಷ ಕಳ್ಳಿಗೆ ಆರತಿ ಎತ್ತಿದಳು ಅಂತೀಯೇನೋ?

ಗಿರೀಶ: ಕಾಫಿ ಮಾತ್ರ ಒಳ್ಳೇದಿತ್ತು.

ಸ್ಮಿತಾ: ಒಂದು ಮಾತು. ಆಹಿನಹಿನದ ಬೇರು ಮೇಲ್ಮಣ್ಣಲ್ಲೇ ಹರಡಿರುತ್ತೆ, ಹತ್ತಿರ ಕಾಲಿಟ್ರೂ ಪುಡಿಯಾಗುತ್ತೆ. ನಮಗದು ಗೊತ್ತಾಗಿದ್ದು ಫೋಟೋ ತೆಗೆದ ಮೇಲೆ. ಆ ಶೂ ನೋಡಿದಾಗೆಲ್ಲ ಬೇಜಾರಾಗುತ್ತೆ.

(ಇದಕ್ಕೆ ಯಾರೂ ಏನೂ ಅನ್ನಲಿಲ್ಲ.)

ಸುಧಾ ಚಿಕ್ಕಮ್ಮ: ಎಲೆ ನೆಟ್ರೂ ಬರೋ ಗಿಡ ಅದು. ಒಂದು ಎಲೆ ಕೊಟ್ಟಿದ್ರೆ ಸಾಕಿತ್ತು.

ಪದ್ಮತ್ತೆ: ಕೇಳಿದ್ದಿದ್ರೆ ಕೊಡ್ತಿದ್ದೆ.

ಸುಧಾ ಚಿಕ್ಕಮ್ಮ: ಈಗ ಕೇಳ್ತಿದೀನಿ.

ಇವತ್ತು ಮಂಗಳವಾರ. ಎಲ್ಲರೂ ಓದಿದ್ದಾರೆ, ನೀಲಿ ಟಿಕ್ ಬಿದ್ದಿದೆ ಅಂತ ಚಿಕ್ಕಮ್ಮ ನನಗೊಬ್ಬನಿಗೇ ಸ್ಕ್ರೀನ್‌ಶಾಟ್ ಕಳಿಸಿದ್ದಾರೆ. ಅಡ್ಮಿನ್ ನಾನಲ್ವಾ.